ಪೇಟಿ ಮಾಸ್ತರ ವಹಿ ಕಂಪ್ಯೂಟರಿಗೆ ಹಾಕೋದು ಹೆಂಗ?

(1/3)
ಮೊದಲನೇ ಫೋಟೊ ನೋಡ್ರಿ. ನಮ್ಮ ಎಮ್ಮಿಗನೂರಿನ ಪೇಟಿ ಮಾಸ್ತರೊಬ್ಬರ ವಹಿ ಅದು. ಬಯಲಾಟದ ಪದ, ಭಜನೆ, ಹಳೇ ನಾಟಕದ ಹಾಡು ಎಲ್ಲಾ ಅದರಾಗ ಐತಿ. ಅಂಚು ಮುಟ್ಟಿದ್ರೆ ಪುಡಿ. ಮಾಸ್ತರಿಗೆ ಈಗ ಕಣ್ಣು ಮಂಜು, ಬೆರಳು ಮಾತ್ರ ಇನ್ನೂ ತಪ್ಪಲ್ಲ.

ಇದನ್ನ ಕಂಪ್ಯೂಟರಿಗೆ ಇಳಿಸಬೇಕು ಅಂತ ಹೊರಟಾಗ ನಾನು ಸುಲಭದ ದಾರಿ ಹಿಡಿದೆ. ಲ್ಯಾಪ್‌ಟಾಪಿಗೆ ಒಂದು ಸಣ್ಣ ಮಿಡಿ ಕೀಬೋರ್ಡ್ ಜೋಡಿಸಿ, "ನುಡಿಸ್ರಿ ಮಾಸ್ತರ, ಅದೇ ಬರ್ಕೊಳ್ತದ" ಅಂದೆ. ಅವರು ನುಡಿಸಿದ್ರು. ಪರದೆ ಮೇಲೆ ಬಂದದ್ದು ಇರುವೆ ಸಾಲು! ಕಾಲು ಮಾತ್ರೆ, ಅರೆಕಾಲು ಮಾತ್ರೆ, ಅದಕ್ಕೊಂದು ಕಟ್ಟು, ಇದಕ್ಕೊಂದು ಕಟ್ಟು. ತಪ್ಪು ಮಾಸ್ತರದ್ದಲ್ಲ, ನಂದು. ಯಂತ್ರ ತನ್ನ ಟಿಕ್-ಟಿಕ್ ಗೆರೆಗೆ ಅಳೀತದೆ. ಮಾಸ್ತರು ಒಂದು ಸ್ವರವನ್ನ ತುಸು ಎಳೆದು, ಸಮ್‌ಗೆ ಸರಿಯಾಗಿ ಬಂದು ಕೂಡ್ತಾರೆ. ಆ ಎಳೆತವನ್ನೂ ಅದು ಲೆಕ್ಕಕ್ಕೆ ಹಿಡೀತು. ಸಾಲದ್ದಕ್ಕೆ ಅವರು ಹಿಡಿದದ್ದು ಕಪ್ಪು ಎರಡು, ಹಾಳೆ ತುಂಬ ಶಾರ್ಪು ಫ್ಲ್ಯಾಟು. ಅದನ್ನ ತಿದ್ದೋದಕ್ಕಿಂತ ಹೊಸದಾಗಿ ಬರೆಯೋದೇ ಬೇಗ ಆಯ್ತು.

(2/3)
ಹಾಗಾದ್ರೆ ಹೆಂಗ ಬರೀಬೇಕು? ನಾನು ಬಳಸೋದು ಮ್ಯೂಸ್‌ಸ್ಕೋರ್, ಉಚಿತ. ಅದರಾಗ ಉಳಿದ ಮೂರು ದಾರಿ ಇವು.

▪️ ಮೌಸ್: ಪ್ರತಿ ಸ್ವರಕ್ಕೂ ಗುರಿ ಇಡಬೇಕು. ಗೆರೆ ತಪ್ಪಿದ್ರೆ ಗ ಹೋಗಿ ಮ ಆಗ್ತದೆ. ಒಂದೆರಡು ತಿದ್ದೋಕೆ ಸರಿ, ವಹಿ ಇಳಿಸೋಕೆ ಬೇಡ.

▪️ ಕಂಪ್ಯೂಟರ್ ಕೀಲಿ: 'ಎನ್' ಒತ್ತಿ, ಅಂಕಿಯಿಂದ ಕಾಲ ಆರಿಸಿ, ಅಕ್ಷರದಿಂದ ಸ್ವರ ಹಾಕಿ. ಸ ಅಂದ್ರೆ 'ಸಿ' ಅಂತ ಇಟ್ಕೊಂಡ್ರೆ ರಿ 'ಡಿ', ಗ 'ಇ', ಮ 'ಎಫ್', ಪ 'ಜಿ', ದ 'ಎ', ನಿ 'ಬಿ'. ಕೋಮಲ ಬೇಕಾದ್ರೆ ಕೆಳಬಾಣ ಒಮ್ಮೆ. ಖರ್ಚು ಸೊನ್ನೆ.

▪️ ಅಂಕಿ + ಮಿಡಿ ಕೀಬೋರ್ಡ್, ಒಂದೊಂದೇ ಸ್ವರ: ಎಡಗೈ ಅಂಕಿ ಮೇಲೆ, ಬಲಗೈ ಮನೆ ಮೇಲೆ. ಪೇಟಿ ನುಡಿಸೋರಿಗೆ ಇದು ಹೊಸದಲ್ಲ. ಅಲ್ಲಿ ಎಡಗೈ ಗಾಳಿ ಕೊಡ್ತದೆ, ಇಲ್ಲಿ ಕಾಲ ಕೊಡ್ತದೆ. ಕೋಮಲ ರಿ ಒತ್ತಿದಾಗ ಅದು ಸ-ಶಾರ್ಪ್ ಅಂತ ಬಂದ್ರೆ 'ಜೆ' ಒತ್ತಿ, ಹೆಸರು ಬದಲಾಗ್ತದೆ.

ನಮ್ಮ ಮಾಸ್ತರು ಬರೆದದ್ದು ಭಾತಖಂಡೆ ಪದ್ಧತಿ. ಅದರ ಗುರುತು ಈ ಅಂಕಿಗಳಿಗೆ ನೇರ ಕೂಡ್ತದೆ. ಒಂದು ಮಾತ್ರೆಗೆ ಒಂದು ಸ್ವರ ಇದ್ರೆ 5. ಕೆಳಗೆ ಬಿಲ್ಲಿನಂಥ ಗೆರೆ ಎಳೆದು ಎರಡು ಸ್ವರ ಇದ್ರೆ 4, ನಾಲ್ಕಿದ್ರೆ 3. ಸ್ವರದ ಮುಂದೆ ಒಂದು ಅಡ್ಡಗೆರೆ ಇದ್ರೆ ಎರಡು ಮಾತ್ರೆ, ಅಂದ್ರೆ 6. ಮುಗಿದ ಮೇಲೆ 'ಕಂಟ್ರೋಲ್+ಎಲ್' ಒತ್ತಿ ಕೆಳಗೆ ಕನ್ನಡದಲ್ಲೇ ಸರಿಗಮ ಬರೀರಿ, ಅದರ ಕೆಳಗೆ ಸಾಹಿತ್ಯ. ಆಗ ಐದು ಗೆರೆ ಓದಕ್ಕೆ ಬರದವರೂ ಓದಬಹುದು.

ಕೈ ಕೂಡೋವರೆಗೂ ಸರಳೆ ವರಸೆ ಹಾಕ್ರಿ. ಮೊದಮೊದಲ ವರಸೆಗಳಲ್ಲಿ ಎಲ್ಲಾ ಸ್ವರಕ್ಕೂ ಒಂದೇ ಕಾಲ, ಅಂಕಿ ಒಮ್ಮೆ ಒತ್ತಿದ್ರೆ ಸಾಕು. ಈ ಪಾಠಗಳನ್ನ ಕ್ರಮವಾಗಿ ಜೋಡಿಸಿದವರು ಪುರಂದರದಾಸರು ಅಂತ ನಂಬಿಕೆ. ಅವರ ಹೆಸರಿನ ಮಂಟಪ ಇಲ್ಲೇ ಹಂಪಿ ಹೊಳೆ ದಂಡಿ ಮೇಲೈತಿ. ಹೊಸ ವಾದ್ಯ ಕಲಿಯೋರಂಗೆ ಅಲ್ಲಿಂದಲೇ ಶುರು ಮಾಡೋಣ.

(3/3)
ಈಗ ನನ್ನ ಮಾತು. ಒಂದೊಂದೇ ಸ್ವರ ಹಾಕೋದು ನಿಧಾನ ಅಂತಾರೆ. ನಿಧಾನ ಆಗಿರೋದ್ರಿಂದಲೇ ಅದು ಒಳ್ಳೇದು. ಅಂಕಿ ಒತ್ತೋಕೆ ಮುಂಚೆ ಪ್ರತಿ ಸಲ ಕೇಳಲೇಬೇಕು: "ಮಾಸ್ತರ, ಇದು ಒಂದು ಮಾತ್ರೆನೋ, ಅರ್ಧನೋ?" ಹಿಂಗೇ ಕೇಳ್ತಾ ಒಂದು ಭಜನೆಯ ಪಲ್ಲವಿ ಹತ್ರ ಅವರು ಕೈ ಅಡ್ಡ ಹಿಡಿದ್ರು. "ಅಲ್ಲಿ ಬಿಲ್ಲು ಹಾಕೋದು ಮರ್ತೀನಿ ನೋಡು. ಎರಡೂ ಕೂಡಿ ಒಂದು ಮಾತ್ರೆ." ವಹಿಯಲ್ಲಿ ಎಷ್ಟೋ ವರ್ಷದಿಂದ ಇದ್ದ ತಪ್ಪು ಅವತ್ತು ಸಿಕ್ತು. ಅವರಿಲ್ಲದೆ ನಾನೊಬ್ಬನೇ ಕೂತು ಹೊಡೆದಿದ್ರೆ ಅದೇ ತಪ್ಪು ಅಂದವಾಗಿ ಪ್ರಿಂಟ್ ಆಗ್ತಿತ್ತು.

"ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಸಾಲದಾ?" ಅಂತ ಕೇಳ್ತೀರಿ. ಅದನ್ನೂ ಮಾಡ್ರಿ. ದನಿಯ ಎಳೆತ, ಕಂಪನ ಯಾವ ಬರಹದಲ್ಲೂ ಪೂರ್ತಿ ಕೂಡಲ್ಲ. ಆದ್ರೆ ನಾಳೆ ಪೇಟಿ ಮುಂದೆ ಕೂಡೋ ಹುಡುಗಿಗೆ ಕಣ್ಣೆದುರು ಒಂದು ಹಾಳೆ ಬೇಕು. ಕೇಳೋಕೆ ರೆಕಾರ್ಡಿಂಗು, ಕಲಿಯೋಕೆ ಹಾಳೆ.

ನಿಮ್ಮೂರಲ್ಲೂ ಇಂಥ ವಹಿ ಒಂದು ಇದ್ದೇ ಇರ್ತದೆ. ಕಂಪ್ಲಿ, ಸಂಡೂರು, ಹೊಸಪೇಟೆ, ಎಲ್ಲೇ ಇರ್ಲಿ, ಈ ವಾರ ಹೋಗಿ ಮೊದಲು ಪುಟಗಳ ಫೋಟೊ ಹೊಡೀರಿ. ಆಮೇಲೆ ಲ್ಯಾಪ್‌ಟಾಪ್ ತಗೊಂಡು ಮಾಸ್ತರ ಪಕ್ಕ ಕೂಡ್ರಿ. ಸಾಫ್ಟ್‌ವೇರ್ ನಾಳೆನೂ ಸಿಗ್ತದೆ, ಮಾಸ್ತರು ಇವತ್ತು ಅದಾರೆ.

ಯಾರ ಮನೆಯಾಗ ವಹಿ ಐತಿ, ಕಾಮೆಂಟ್‌ನಾಗ ಹೇಳ್ರಿ 👇

#ಎಮ್ಮಿಗನೂರು #ಕಂಪ್ಲಿ #ಪೇಟಿಮಾಸ್ತರು #ಬಯಲಾಟ #ಸ್ವರಲಿಪಿ