ಮುಟ್ಟದೆ ನೋಡುವ ಕಡಲು

ಡೈವಿಂಗ್ ಅಂದರೆ ಶಾರ್ಕ್, ಸಾಹಸ, ಎದೆ ಝಲ್ಲೆನಿಸುವ ರೀಲ್ಸ್ ಎಂದೇ ನಮ್ಮ ವಯಸ್ಸಿನ ಬಹಳಷ್ಟು ಮಂದಿ ಅಂದುಕೊಂಡಿದ್ದೇವೆ. ಹವಾಯಿ ದ್ವೀಪದ ಕೋನಾ ಕರಾವಳಿಯ ರಾತ್ರಿ ಡೈವ್‌ನಲ್ಲಿ ಇದಾವುದೂ ಇಲ್ಲ. ಸುಮಾರು 10 ಮೀಟರ್ ಆಳಕ್ಕಿಳಿದು, ಟಾರ್ಚನ್ನು ಮೇಲಕ್ಕೆ ಹಿಡಿದು ಸುಮ್ಮನೆ ಕೂರುವುದಷ್ಟೇ ಕೆಲಸ. ಬೀದಿದೀಪಕ್ಕೆ ಮಳೆಹುಳು ಮುತ್ತುವಂತೆ ಆ ಬೆಳಕಿಗೆ ಪ್ಲಾಂಕ್ಟನ್ ಮುತ್ತುತ್ತದೆ. ಅದನ್ನು ತಿನ್ನಲು ಮ್ಯಾಂಟಾ ರೇ ಬರುತ್ತದೆ.

ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ದೊಡ್ಡಣ್ಣ ಇದು. ಮೂರು–ನಾಲ್ಕು ಮೀಟರ್ ಅಗಲ, ಬಾಲದಲ್ಲಿ ಮುಳ್ಳಿಲ್ಲ. ಬಾಯಿ ಅಗಲಿಸಿ ಡೈವರ್‌ಗಳ ತಲೆಯ ಮೇಲೆಯೇ ಲಾಗ ಹಾಕುತ್ತದೆ. ಹೊಟ್ಟೆಯ ಮೇಲಿನ ಮಚ್ಚೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಅಲ್ಲಿನವರು ಪ್ರತಿಯೊಂದನ್ನೂ ಗುರುತಿಸಿ ಹೆಸರಿಟ್ಟಿದ್ದಾರೆ.

ಇದು ಶುರುವಾದದ್ದು 1970ರ ದಶಕದಲ್ಲಿ, ದಡದ ಹೋಟೆಲೊಂದು ಅತಿಥಿಗಳಿಗಾಗಿ ಸಮುದ್ರಕ್ಕೆ ದೀಪ ಬಿಟ್ಟಾಗ. ಹಾಗಾದರೆ ಇದು ಪ್ರಕೃತಿಯೋ, ಮನುಷ್ಯ ಮಾಡಿದ ಪ್ರದರ್ಶನವೋ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ಯಾರೂ ಆಹಾರ ಎರಚುವುದಿಲ್ಲ, ಕಡಲಲ್ಲಿರುವುದೇ ಒಂದೆಡೆ ಸೇರುತ್ತದೆ. ನನಗೆ ದೀಪಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ದೋಣಿಗಳ ಜಂಗುಳಿ ಮತ್ತು ಚಾಚುವ ಕೈಗಳು. ಮ್ಯಾಂಟಾದ ಚರ್ಮದ ಮೇಲೆ ಅದನ್ನು ಕಾಯುವ ಲೋಳೆಯ ಪದರವಿದೆ. ಮುಟ್ಟಿದರೆ ಅದು ಹೋಗುತ್ತದೆ. ಹೆಣ್ಣು ಮ್ಯಾಂಟಾ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ಕೆಲವು ವರ್ಷಗಳಿಗೊಮ್ಮೆ. ಕಿವಿರಿನ ವ್ಯಾಪಾರಕ್ಕಾಗಿ ಬೇರೆಡೆ ಇದನ್ನು ಕೊಲ್ಲುವವರಿದ್ದಾರೆ. ಹವಾಯಿ ಮಾತ್ರ 2009ರಲ್ಲೇ ಮ್ಯಾಂಟಾ ಕೊಲ್ಲುವುದನ್ನೂ ಹಿಡಿಯುವುದನ್ನೂ ಕಾನೂನಿನಿಂದ ನಿಷೇಧಿಸಿತು. ಜೀವಂತ ಮ್ಯಾಂಟಾ ಪ್ರತಿ ರಾತ್ರಿ ಅಲ್ಲಿನ ಎಷ್ಟೋ ಮನೆಗಳಿಗೆ ಅನ್ನ ಕೊಡುತ್ತಿದೆ.

ಅದೇ ಕೋನಾದಲ್ಲಿ ಇನ್ನೊಂದು ಡೈವ್ ಇದೆ: ಬ್ಲ್ಯಾಕ್‌ವಾಟರ್. ಕೇಳಿದರೆ ನಾನು ಇದಕ್ಕೇ ಮೊದಲ ಮತ ಹಾಕುವೆ. ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳ. ಅಲ್ಲಿ ತೇಲುವ ದೋಣಿಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿಕೊಂಡು, ಕೆಳಗೆ ನೆಲವೇ ಕಾಣದ ಕತ್ತಲಲ್ಲಿ ತೂಗುತ್ತಿರಬೇಕು. ನೂರಾರು ಮೀಟರ್ ಆಳದ ಜೀವಿಗಳು ಕತ್ತಲಾದಾಗ ಆಹಾರಕ್ಕೆ ಮೇಲೇರಿ, ಬೆಳಗಾಗುವ ಮೊದಲು ಇಳಿಯುತ್ತವೆ. ಇದು ದಿನವೂ ನಡೆಯುವ ಬಹುದೊಡ್ಡ ವಲಸೆ. ಆಳಕ್ಕೆ ನಾವು ಹೋಗಬೇಕಿಲ್ಲ, ಆಳವೇ ನಮ್ಮ ಬಳಿ ಬರುತ್ತದೆ!

ಮೀನಿನ ಮರಿಗಳ ಕೂದಲೆಳೆಯಂಥ ರೆಕ್ಕೆಗಳು ಬಲೆಯಲ್ಲಿ ಹರಿದುಹೋಗುತ್ತವೆ. ಹಾಗಾಗಿ ಅವುಗಳ ನಿಜರೂಪ ವಿಜ್ಞಾನಿಗಳಿಗೆ ಸಿಕ್ಕಿದ್ದು ಬಹುಮಟ್ಟಿಗೆ ಈ ಡೈವರ್‌ಗಳ ಫೋಟೊಗಳಿಂದ. ಹವಾಯಿಯ ಡೈವರ್‌ಗಳೂ ಸಂಶೋಧಕರೂ ಸೇರಿ 2021ರಲ್ಲಿ ಈ ಕುರಿತು ಪ್ರಬಂಧವನ್ನೇ ಪ್ರಕಟಿಸಿದರು. ಪ್ರಾಣಿಶಾಸ್ತ್ರ, ಮೀನುಗಾರಿಕೆ ಓದುತ್ತಿರುವ ಗೆಳೆಯರು ಇದನ್ನು ಗಮನಿಸಬೇಕು. ಕ್ಯಾಮೆರಾ ಹಿಡಿದು ತಾಳ್ಮೆಯಿಂದ ಕಾಯುವ ಹವ್ಯಾಸಿಗೂ ಇಲ್ಲಿ ಜಾಗವಿದೆ.

ಹವಾಯಿಯ ವಿಮಾನ ಟಿಕೆಟ್ ನಮ್ಮಲ್ಲಿ ಹೆಚ್ಚಿನವರ ಕೈಗೆಟುಕದು, ಬಿಡಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ಇದೆಯಲ್ಲ. ಅಲ್ಲಿ ಡೈವ್ ಹಗಲಲ್ಲಿ, ಮ್ಯಾಂಟಾದ ಭರವಸೆಯೂ ಇಲ್ಲ. ಆದರೆ ಹವಳ, ಆಮೆಗಳಿಗೂ ಕೈ ತಾಗಬಾರದು. ಬುಕ್ ಮಾಡುವಾಗ ನಾವು ಕೇಳುವುದು ರೇಟು, ವಿಡಿಯೊ ಸಿಗುತ್ತದೆಯೇ ಎಂಬುದು. ಒಬ್ಬ ಗೈಡ್ ಜೊತೆ ಎಷ್ಟು ಜನ ಇಳಿಯುತ್ತಾರೆ, ಹವಳದ ಮೇಲೆ ಕಾಲಿಡುವವರನ್ನು ತಡೆಯುತ್ತಾರೆಯೇ ಎಂಬುದನ್ನೂ ಕೇಳೋಣ.