ಈಚಲ ಮರವನ್ನು ನೋಡಲು ಯಾರು ಬರುವರು?

ಮನುಷ್ಯನ ಹವ್ಯಾಸಗಳಿಗೆ ಎಲ್ಲೆಯೆಂಬುದಿಲ್ಲ. ಅಂಚೆಚೀಟಿಗಳನ್ನು ಕೂಡಿಸುವವರುಂಟು, ಹಕ್ಕಿಗಳನ್ನು ಅರಸಿ ನಸುಕಿನಲ್ಲಿಯೇ ಕೆರೆಯ ದಂಡೆಯನ್ನು ಸೇರುವವರುಂಟು. ತಾಳೆಯ ಕುಲದ ಮರಗಳನ್ನು ನೋಡುವುದಕ್ಕೆಂದೇ ಸಮುದ್ರಗಳನ್ನು ದಾಟಿ ಹೋಗುವವರೂ ಉಂಟೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು. ತೆಂಗು, ಅಡಕೆ, ತಾಳೆ, ಈಚಲು, ಬಗನಿ, ಬೆತ್ತ ಇವೆಲ್ಲವೂ ಸೇರಿರುವ ಈ ಕುಲದಲ್ಲಿ ಇದುವರೆಗೆ ಸುಮಾರು 2,600 ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. 1956ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಡೆಂಟ್ ಸ್ಮಿತ್ ಎಂಬಾತನು ಈ ಮರಗಳ ಮೇಲೆ ಪ್ರೀತಿಯುಳ್ಳವರನ್ನು ಒಂದುಗೂಡಿಸಿ ಸಂಘವೊಂದನ್ನು ಕಟ್ಟಿದನು. ಅದೇ ಇಂದಿನ ಇಂಟರ್‌ನ್ಯಾಷನಲ್ ಪಾಮ್ ಸೊಸೈಟಿ. ಅದರ ಸದಸ್ಯರೆಲ್ಲರೂ ಸಸ್ಯಶಾಸ್ತ್ರಜ್ಞರಲ್ಲ. ಮನೆಯ ಹಿತ್ತಿಲಲ್ಲಿ ನಾಲ್ಕು ಸಸಿ ನೆಟ್ಟುಕೊಂಡ ಗೃಹಸ್ಥರೇ ಅವರಲ್ಲಿ ಬಹುಮಂದಿ. 2012ರಲ್ಲಿ ಅವರು ಥಾಯ್ಲೆಂಡಿನ ಉದ್ಯಾನಗಳಲ್ಲಿ ನೆರೆದರು. 2016ರಲ್ಲಿ ಬೋರ್ನಿಯೋ ದ್ವೀಪದ ಕಾಡುಗಳನ್ನು ಹೊಕ್ಕರು.

ಇಂಥವರಿಗೆ ಪುಣ್ಯಕ್ಷೇತ್ರಗಳೂ ಇವೆ. 1938ರಲ್ಲಿ ತೆರೆದ ಫ್ಲಾರಿಡಾದ ಫೇರ್‌ಚೈಲ್ಡ್ ಉದ್ಯಾನ ಅವುಗಳಲ್ಲೊಂದು. ಜಗತ್ತಿನಲ್ಲಿಯೇ ದೊಡ್ಡದಾದ ಬೀಜವನ್ನು ಬಿಡುವ ಜೋಡಿ ತೆಂಗು ಸಹಜವಾಗಿ ಬೆಳೆದಿರುವ ಸೇಷೆಲ್ಸ್‌ನ ಪ್ರಾಲಿನ್ ದ್ವೀಪ ಮತ್ತೊಂದು. ಮಾರಿಷಸ್ಸಿನ ಕ್ಯೂರ್‌ಪಿಪ್ ಉದ್ಯಾನದಲ್ಲಿ ಬೇಲಿಯ ನಡುವೆ ಒಂಟಿಯಾಗಿ ನಿಂತಿರುವ ಒಂದು ಸಣಕಲು ಮರವನ್ನು ನೋಡಲೂ ಜನ ಹೋಗುವರು. ನೋಟಕ್ಕೆ ಅದರಲ್ಲಿ ಏನೂ ಇಲ್ಲ. ಆದರೆ ಅದರ ಜಾತಿಯ ಮತ್ತೊಂದು ಮರ ಭೂಮಿಯ ಮೇಲೆ ಎಲ್ಲಿಯೂ ತಿಳಿದುಬಂದಿಲ್ಲ.

ಇಂಥ ಯಾತ್ರಿಕನೊಬ್ಬನು ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಣ ಸೀಮೆಯ ಹರವೆಯಲ್ಲಿ ಬಸ್ಸಿನಿಂದ ಇಳಿದು, "ಇಲ್ಲಿ ಈಚಲ ಮರ ಎಲ್ಲಿದೆ?" ಎಂದು ವಿಚಾರಿಸಿದರೆ ಊರವರು ಏನೆಂದುಕೊಳ್ಳುವರು? ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನ ಪಾಡು ನಮ್ಮ ಗಾದೆಯಲ್ಲಿಯೇ ಇದೆ. ಮರವನ್ನು ನೋಡಲು ಬಂದೆನೆಂದು ಹೇಳಿದರೆ ನಂಬುವವರು ಕಡಿಮೆ. ಇಷ್ಟಾದರೂ ನಮ್ಮ ಅಭಿಪ್ರಾಯ ಇದು: ಆ ಯಾತ್ರಿಕನು ಬರಬೇಕು, ಮತ್ತು ಅವನಿಗಿಂತ ಮೊದಲು ನಾವು ಹೋಗಬೇಕು.

ಈಚಲಲ್ಲಿ ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಸಣ್ಣ ಪರೀಕ್ಷೆಯನ್ನು ಸೂಚಿಸುತ್ತೇವೆ. ತೋಟದ ತೆಂಗಿನ ಗರಿಯೊಂದನ್ನೂ ಹಳ್ಳದ ಬದಿಯ ಈಚಲ ಗರಿಯೊಂದನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಕಿರುಎಲೆಗಳು ನಡುದಿಂಡಿಗೆ ಅಂಟಿಕೊಂಡಿರುವ ಬುಡವನ್ನು ಗಮನಿಸಿರಿ. ತೆಂಗಿನ ಕಿರುಎಲೆ ಮನೆಯ ಸೂರಿನಂತೆ ಕೆಳಮುಖವಾಗಿ ಮಡಿಚಿರುತ್ತದೆ. ಮಳೆ ಬಿದ್ದರೆ ನೀರು ಎರಡು ಕಡೆಗೂ ಜಾರಿಹೋಗಬೇಕು. ಈಚಲ ಕಿರುಎಲೆಯಾದರೋ ದೋಣಿಯಂತೆ ಮೇಲ್ಮುಖವಾಗಿ ಮಡಿಚಿರುತ್ತದೆ. ಅಡಕೆಯನ್ನು ನೋಡಿದರೆ ಅದು ತೆಂಗಿನ ಪಕ್ಷ. ಹೀಗೆ ದೋಣಿಯಾಕಾರದ ಕಿರುಎಲೆಗಳನ್ನು ಎರಡು ಸಾಲಾಗಿ ಜೋಡಿಸಿಕೊಂಡ ಗರಿ ತಾಳೆಯ ಕುಲದಲ್ಲಿ ಬಲು ಅಪರೂಪವಾದುದು. ಅದು ಈಚಲು ಮತ್ತು ಅರಬರ ಖರ್ಜೂರ ಸೇರಿರುವ ಗಣದ ಗುರುತು. ಗರಿಯ ಬುಡದಲ್ಲಿರುವ ಮುಳ್ಳುಗಳೂ ನಿಜವಾಗಿ ಮುಳ್ಳುಗಳಲ್ಲ, ಗಡುಸಾಗಿ ಮಾರ್ಪಟ್ಟ ಕಿರುಎಲೆಗಳು. ಒಂದು ಗರಿಯ ತುದಿಯಿಂದ ಬುಡದವರೆಗೆ ಬೆರಳಾಡಿಸುತ್ತ ಬಂದರೆ ಎಲೆ ಮುಳ್ಳಾಗುವ ಮೆಟ್ಟಿಲುಗಳೆಲ್ಲ ಬೆರಳಿಗೇ ತಿಳಿಯುವುವು. (ಕೊನೆಯ ಮೆಟ್ಟಿಲನ್ನು ಮಾತ್ರ ಕಣ್ಣಿನಿಂದ ತಿಳಿಯುವುದು ಒಳ್ಳೆಯದು.)

ಈಚಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಊರಿನ ಹಳ್ಳದಲ್ಲಿ ಉಳಿದಿರುವುದು ಎರಡೇ ಮರಗಳಾಗಿ, ಅವೆರಡೂ ಗಂಡಾಗಿದ್ದರೆ ಆ ಹಳ್ಳದ ಈಚಲ ವಂಶ ಮುಗಿಯಿತೆಂದೇ ಲೆಕ್ಕ. ಇನ್ನು ಹಳೆಯ ಮರಗಳ ಕಾಂಡ ಸೊಟ್ಟಸೊಟ್ಟಾಗಿ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಕಚ್ಚು ಹಾಕಿದಂತೆ ಕಾಣುವುದುಂಟು. ತೆಂಗು, ತಾಳೆ, ಬಗನಿಗಳಲ್ಲಿ ಹೊಂಬಾಳೆಯನ್ನು ಕೊಯ್ದು ರಸವನ್ನು ಇಳಿಸಿದರೆ, ಈಚಲಲ್ಲಿ ಸುಳಿಯ ಕೆಳಗೆ ಕಾಂಡವನ್ನೇ ಕೆತ್ತಿ ಇಳಿಸುವರು. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು. ಮರ ಮೇಲೆ ಬೆಳೆದಂತೆ ಗಾಯಗಳು ಕೆಳಗೆ ಉಳಿದುಬಿಡುವುವು. ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಆ ಮರದಿಂದ ಹೆಂಡ ಇಳಿಯಿತೆಂಬ ಲೆಕ್ಕ ದೊರೆಯುತ್ತದೆ. ಅಬಕಾರಿ ಕಚೇರಿಯ ಕಡತಗಳು ಗೆದ್ದಲು ಹಿಡಿದು ಹೋದರೂ ಈ ಲೆಕ್ಕ ಮಾತ್ರ ಅಳಿಯದು.

ಆ ಗಾಯಗಳು ಏಕೆ ಮಾಯುವುದಿಲ್ಲ? ಬೇವು, ಹುಣಸೆಗಳ ತೊಗಟೆಯ ಒಳಗೆ ವರ್ಷ ವರ್ಷವೂ ಹೊಸ ಮರವನ್ನು ಕಟ್ಟುವ ಪದರವೊಂದಿದೆ. ತಾಳೆಯ ಕುಲಕ್ಕೆ ಅದಿಲ್ಲ. ಕಾಂಡ ಮೊದಲು ತನಗೆ ಬೇಕಾದ ದಪ್ಪವನ್ನು ನೆಲಮಟ್ಟದಲ್ಲಿಯೇ ಸಂಪಾದಿಸಿಕೊಂಡು ಆಮೇಲೆ ಎತ್ತರಕ್ಕೆ ಏಳುತ್ತದೆ. ವಿಜ್ಞಾನಿಗಳ ಲೆಕ್ಕದಲ್ಲಿ ಇವು ಬೇವಿಗಿಂತ ಜೋಳಕ್ಕೂ ಹುಲ್ಲಿಗೂ ಹತ್ತಿರದ ನಂಟರು. ಅಮರಸಿಂಹನು ತನ್ನ ಕೋಶದಲ್ಲಿ ತಾಲ, ಖರ್ಜೂರಗಳ ಗುಂಪನ್ನು 'ತೃಣದ್ರುಮ' ಎಂದು, ಎಂದರೆ ಹುಲ್ಲುಮರಗಳೆಂದು ಕರೆದಿರುವುದು ಇಲ್ಲಿ ನೆನಪಾಗುತ್ತದೆ. ಸ್ವೀಡನ್ನಿನ ಲಿನ್ನೇಯಸನು ಇವುಗಳಿಗೆ ರಾಜಕುಮಾರರೆಂಬ ಅರ್ಥದ ಹೆಸರನ್ನು ಕೊಟ್ಟನು. ಗೌರವದಲ್ಲಿ ಲಿನ್ನೇಯಸನದು ಹೆಚ್ಚು. ಶಾಸ್ತ್ರದಲ್ಲಿ ಅಮರಸಿಂಹನದೇ ಮೇಲೆಂದು ನಮ್ಮ ತೀರ್ಪು.

ಈ ರಚನೆಯಿಂದ ಒಂದು ಕಠಿಣವಾದ ಫಲವೂ ಇದೆ. ಹುಣಸೆಯ ಕೊಂಬೆಯನ್ನು ಕಡಿದರೆ ಹತ್ತು ಚಿಗುರುಗಳೇಳುವುವು. ಒಂಟಿಕಾಂಡದ ಈಚಲಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರವೂ ಹೋದಂತೆಯೇ. ಹಳ್ಳದ ಒತ್ತನ್ನು ಸಮ ಮಾಡಲು ಬಂದ ಯಂತ್ರ ಅರ್ಧ ಗಂಟೆಯಲ್ಲಿ ಇಪ್ಪತ್ತು ಮರಗಳನ್ನು ಕೆಡವಿದರೆ ಅವುಗಳಲ್ಲಿ ಒಂದೂ ಮತ್ತೆ ಚಿಗುರದು. ಗೀಜಗಗಳು ಗೂಡು ನೇಯಲು ಬೇರೆ ಮರವನ್ನು ಹುಡುಕಬೇಕು; ಚಾಪೆ, ಬುಟ್ಟಿಗಳನ್ನು ಹೆಣೆಯುವವರು ಬೇರೆ ಕಸುಬನ್ನು ಹುಡುಕಬೇಕು.

ಹರವೆಯ ಬಯಲಿನಿಂದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟವನ್ನು ಏರಿದರೆ ಈಚಲ ತಮ್ಮನೊಬ್ಬನು ಕಾಣುವನು. ಆಳೆತ್ತರವನ್ನು ಸ್ವಲ್ಪ ಮೀರಿದರೆ ಅದೇ ಹೆಚ್ಚು ಎನ್ನುವಂಥ ಈ ಕಿರಿಯ ಈಚಲು ಹುಲ್ಲಿನ ಇಳಿಜಾರುಗಳಲ್ಲಿಯೂ ಎಲೆ ಉದುರುವ ಕಾಡುಗಳಲ್ಲಿಯೂ ಬೆಳೆಯುತ್ತದೆ. ನೀಲಗಿರಿಯ ಸುತ್ತಣ ಬೆಟ್ಟಗಳ ಜನ ಇದರ ಗರಿಯಿಂದ ಪೊರಕೆ ಕಟ್ಟುವರು. ಬೆಂಕಿ ಹಾದುಹೋದರೂ ಗಡುಸಾದ ಎಲೆಬುಡಗಳ ನಡುವೆ ಸುಳಿ ಬದುಕಿ ಮತ್ತೆ ಗರಿಯೊಡೆಯುವುದು ಇದರ ವಿಶೇಷ. ಸೋಲಿಗರು ಹಿಂದೆ ಬೇಸಗೆಯ ಮೊದಲಲ್ಲಿ ನೆಲದ ತರಗನ್ನು ಮಾತ್ರ ಸುಡುವ 'ತರಗು ಬೆಂಕಿ'ಯನ್ನು ಹಾಕುತ್ತಿದ್ದರು. ಅದು ನಿಂತಮೇಲೆ ಲಂಟಾನದ ಪೊದೆ ಕಾಡನ್ನು ಮುಚ್ಚಿತೆಂದು ಅವರು ಹೇಳುವರು. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಬೆಟ್ಟದ ತೇವವುಳ್ಳ ಕಣಿವೆಗಳಲ್ಲಿ ಬಗನಿಯಿದೆ. ಮೀನಿನ ಬಾಲದಂತಹ ಕಿರುಎಲೆಗಳುಳ್ಳ ಈ ಮರ ಮೊದಲ ಹೊಂಬಾಳೆಯನ್ನು ನೆತ್ತಿಯಲ್ಲಿ ಬಿಟ್ಟು, ಒಂದೊಂದಾಗಿ ಕೆಳಗಿಳಿಸುತ್ತ ಬಂದು, ಬುಡದ ಹತ್ತಿರದ ಗೊನೆ ಹಣ್ಣಾಗುವುದರೊಡನೆ ಸತ್ತುಹೋಗುತ್ತದೆ. ಇದೇ ಮರವನ್ನು ಕೇರಳದ ಕಾಡಿನದೆಂದು ಹದಿನೇಳನೆಯ ಶತಮಾನದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಚಿತ್ರ ಸಹಿತ ಅಚ್ಚು ಹಾಕಿದ್ದರು. ಅದನ್ನು ನೋಡಿದ ಯುರೋಪಿನ ಪಂಡಿತರಿಗೆ ಬಗನಿ ಪರಿಚಿತವಾಯಿತು. ಮೈಸೂರಿನ ಪಂಡಿತರಿಗೂ ತಾಳೆಯ ಕುಲದ ಋಣ ಉಂಟು. 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಉಳಿದುಬಂದದ್ದು ತಾಳೆಗರಿಯ ಮೇಲೆ.

ಹಾಗಾದರೆ ನೋಡುವವರು ಬಂದುಬಿಟ್ಟರೆ ಮರಗಳು ಉಳಿಯುವುವೆ? ಇಲ್ಲಿ ಎಚ್ಚರದಿಂದ ಮಾತನಾಡಬೇಕು. ನಮ್ಮ ಹೊಸ ಬಡಾವಣೆಗಳ ಬಾಗಿಲಲ್ಲಿ ಈಗ ಎಲ್ಲೆಲ್ಲಿಯೂ ಕಾಣುವ ನರಿಬಾಲದ ಗರಿಯ 'ಫಾಕ್ಸ್‌ಟೇಲ್ ಪಾಮ್' ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಬಂಡೆಗುಡ್ಡಗಳ ಮರ. ಅದನ್ನು ಬಹುಕಾಲದಿಂದ ಬಲ್ಲವರು ಅಲ್ಲಿಯ ಮೂಲನಿವಾಸಿಗಳು. ಅವರಲ್ಲಿ ಹಿರಿಯನಾದ ವೋಡ್ಯೆಟಿ ಎಂಬವನ ಹೆಸರಿನಿಂದಲೇ 1983ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. ಸುದ್ದಿ ಹರಡಿದೊಡನೆ ಹವ್ಯಾಸಿಗಳ ಬೇಡಿಕೆ ಏರಿ, ರಕ್ಷಿತ ಪ್ರದೇಶದಿಂದ ಬೀಜದ ಕಳ್ಳಸಾಗಣೆ ತೊಡಗಿತು. ಇದು ಪ್ರೀತಿ ಲೂಟಿಯಾದ ಕಥೆ.

ಇನ್ನೊಂದು ಕಥೆ ಮಡಗಾಸ್ಕರಿನದು. ಅಲ್ಲಿಯ ವಾಯುವ್ಯ ಭಾಗದಲ್ಲಿ ಸಿಕ್ಕಿದ, ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಭಾರಿ ಮರವೊಂದಕ್ಕೆ ಕ್ಯೂ ಉದ್ಯಾನದ ಜಾನ್ ಡ್ರಾನ್ಸ್‌ಫೀಲ್ಡ್ ಮೊದಲಾದವರು 2008ರಲ್ಲಿ 'ತಾಹಿನಾ' ಎಂದು ಹೆಸರಿಟ್ಟರು. ಈ ಬಾರಿ ಬೀಜಗಳನ್ನು ಲೆಕ್ಕವಿಟ್ಟು ಹವ್ಯಾಸಿಗಳಿಗೆ ಮಾರಲಾಯಿತು. ಹಣ ಮರಗಳನ್ನು ಕಾಯುವ ಹಳ್ಳಿಗರಿಗೆ ಸೇರಿತು. ಎರಡು ಕಡೆಗಳಲ್ಲಿಯೂ ಆಸಕ್ತಿ ಒಂದೇ, ಲೋಭವೂ ಬಹುಶಃ ಒಂದೇ. ಎರಡನೆಯ ಕಡೆಯಲ್ಲಿ ವ್ಯವಹಾರ ಮೊದಲೇ ನಿಶ್ಚಯವಾಗಿತ್ತು, ಹಳ್ಳಿಗರು ಅದರಲ್ಲಿ ಪಾಲುದಾರರಾಗಿದ್ದರು.

ಯಾರೂ ಬಾರದಿದ್ದರೆ ಆಗುವುದನ್ನು ನಮ್ಮ ದೇಶದಲ್ಲಿಯೇ ಕಂಡಿದ್ದೇವೆ. ಬಂಗಾಳದ ಶಾಂತಿನಿಕೇತನದ ಬಳಿ ಶ್ರೀತಾಳೆಯ ಹತ್ತಿರದ ನಂಟನಾದ ಒಂದು ಮರವಿತ್ತು. ಅದು ಆ ಜಾತಿಯಲ್ಲಿ ಕಾಡುಸ್ಥಿತಿಯಲ್ಲಿ ಉಳಿದಿದ್ದ ಕಡೆಯದೆಂದು ಸಸ್ಯಶಾಸ್ತ್ರಜ್ಞರು ಬಲ್ಲರು. 1979ರಲ್ಲಿ ಅದು ನೆತ್ತಿಯಿಂದ ಭಾರಿ ಹೊಂಬಾಳೆಯನ್ನು ಹೊರಡಿಸತೊಡಗಿದಾಗ, ಎಂದೂ ಕಾಣದ ಆ ರೂಪವನ್ನು ಕಂಡು ಹಳ್ಳಿಗರು ಮರಕ್ಕೆ ಪಿಶಾಚಿ ಹಿಡಿಯಿತೆಂದು ಬೆದರಿ ಕಡಿದುಹಾಕಿದರು. ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಮತ್ತೊಂದು ಮರವೂ ಕೆಲವು ಉದ್ಯಾನಗಳ ಸಸಿಗಳೂ ಇರದಿದ್ದರೆ ಆ ಕುಲದ ಹೆಸರು ಪುಸ್ತಕದಲ್ಲಿ ಮಾತ್ರ ಉಳಿಯುತ್ತಿತ್ತು. ಹಳ್ಳಿಗರನ್ನು ದೂರಲು ನಮಗೆ ಮನಸ್ಸಿಲ್ಲ. ಆ ಮರದ ಬೆಲೆಯನ್ನು ಬಲ್ಲವರು ಅದನ್ನು ಅವರಿಗೆ ತಿಳಿಯಹೇಳಿದ್ದರೆ ಕೊಡಲಿ ಏಳುತ್ತಿರಲಿಲ್ಲವೇನೋ.

ಬೆಲೆ ತಿಳಿದ ಮರದ ಭಾಗ್ಯವೇ ಬೇರೆ. ತೆಂಗಿಗೆಂದು ಕಾಸರಗೋಡಿನಲ್ಲಿ 1916ರಲ್ಲಿಯೇ ಸಂಶೋಧನಾ ಕೇಂದ್ರ ಹುಟ್ಟಿತು. ದಕ್ಷಿಣ ಕನ್ನಡದ ಕಿದುವಿನಲ್ಲಿ ದೇಶದೇಶಗಳ ತೆಂಗಿನ ತಳಿಗಳನ್ನು ಜೋಪಾನ ಮಾಡಿ ಬೆಳೆಸಿದ್ದಾರೆ. ಇದು ಆಗಬೇಕಾದ ಕೆಲಸವೇ. ಆದರೆ ಸಂತೆಗೆ ಹೋಗದ ಈಚಲಿಗೆ ಯಾರು ದಿಕ್ಕು? "ಹೊಟ್ಟೆಗಿಲ್ಲದ ರೈತನಿಗೆ ಹಳ್ಳದ ಮುಳ್ಳುಮರದ ಚಿಂತೆ ಏಕೆ? ಅವನು ಅದನ್ನು ಕಡಿದು ನಾಲ್ಕು ಸಾಲು ಅರಿಸಿನ ಹಾಕಿಕೊಂಡರೆ ತಪ್ಪೇನು?" ಎಂದು ಕೇಳುವವರು ಇದ್ದಾರೆ. ಪ್ರಶ್ನೆ ನ್ಯಾಯವಾದುದೇ. ರೈತನ ಸ್ವಂತ ಹೊಲದಲ್ಲಿರುವ ಮರದ ವಿಷಯದಲ್ಲಿ ನಾವು ಉಪದೇಶ ಮಾಡಲಾರೆವು. ಕೆರೆಯ ಏರಿ, ಹಳ್ಳದ ಅಂಚು, ಗೋಮಾಳ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಹೂಳು ತೆಗೆಯುವ ಗುತ್ತಿಗೆಯ ಕರಾರಿನಲ್ಲಿ "ಈಚಲ ಮರಗಳನ್ನು ಬಿಟ್ಟು" ಎಂಬ ಮಾತನ್ನು ಸೇರಿಸುವುದಕ್ಕೆ ಹಣ ಬೇಕಾಗಿಲ್ಲ.

ಮಾಡಬಹುದಾದ ಇನ್ನೊಂದು ಕೆಲಸಕ್ಕೆ ಕಾನೂನಿನ ಬೆಂಬಲವೇ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ ಪ್ರಾಣಿಗಳ ದಾಖಲೆಯನ್ನು ಬರೆದಿಡಬೇಕು. ವಿದೇಶದವರು ನಮ್ಮ ಬೀಜವನ್ನು ಕೊಂಡೊಯ್ಯಬೇಕಾದರೆ ರಾಷ್ಟ್ರೀಯ ಪ್ರಾಧಿಕಾರದ ಅಪ್ಪಣೆಯನ್ನು ಪಡೆಯಬೇಕು. ಬೆಟ್ಟದ ಮೇಲೆ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತಿವೆ. ಅಲ್ಲಿಗೆ ಬರುವ ಮರಪ್ರಿಯನಿಗೆ ದಾರಿ ತೋರಿಸಬೇಕಾದವರು ಅವರೇ, ಅದರ ಕೂಲಿಯೂ ಅವರದೇ. ಹುಲಿಯನ್ನು ನೋಡಲು ಬಂಡೀಪುರಕ್ಕೆ ಬರುವವರ ವಾಹನಗಳ ಸಾಲೇ ಸಾಕಾಗಿರುವಾಗ ಮತ್ತಷ್ಟು ಜನರನ್ನು ಏಕೆ ಕರೆಯಬೇಕೆಂದು ಕೆಲವರು ಹೇಳಬಹುದು. ಈಚಲು ಓಡಿಹೋಗುವ ಪ್ರಾಣಿಯಲ್ಲ. ಅದನ್ನು ಬೆನ್ನಟ್ಟುವ ಜೀಪು ಬೇಡ. ಕಾಡಿನ ಒಳಗೆ ಹೋಗಲೂ ಬೇಕಾಗಿಲ್ಲ, ಹರವೆಯ ಹೋಬಳಿಯ ಹಳ್ಳಗಳ ಬದಿಯಲ್ಲಿ ನಡೆದರೆ ಸಾಕು.

ಮೊದಲ ಯಾತ್ರಿಕರು ಶಾಲೆಯ ಮಕ್ಕಳಾಗಲೆಂದು ನಮ್ಮ ಸೂಚನೆ. ಒಂದು ಶನಿವಾರ ಬೆಳಗ್ಗೆ ಉಪಾಧ್ಯಾಯರು ಅವರನ್ನು ಕೆರೆಯ ಏರಿಗೆ ಕರೆದೊಯ್ದು, ಎಷ್ಟು ಈಚಲ ಮರಗಳಿವೆ, ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಯಾವುದರ ಕಾಂಡದಲ್ಲಿ ಎಷ್ಟು ಕಚ್ಚುಗಳಿವೆ, ಬುಡದಲ್ಲಿ ಎಳೆಯ ಸಸಿಗಳಿವೆಯೇ ಎಂಬುದನ್ನು ಬರೆಸಲಿ. ಆ ಪಟ್ಟಿಯ ಒಂದು ಪ್ರತಿ ಪಂಚಾಯಿತಿಯ ದಾಖಲೆಗೆ ಸೇರಲಿ. ಮುಂದಿನ ಬಾರಿ ಕೆರೆಗೆ ಯಂತ್ರ ಬಂದಾಗ, ಅದನ್ನು ನಡೆಸುವವನ ಕೈಗೆ ಕೊಡಲು ಒಂದು ಕಾಗದವಾದರೂ ಇರುತ್ತದೆ.