ಗಗನದ ಕನ್ನಡಿಗೂ ಮಸುಕು

ಬೆಳ್ಳಿಯ ಪಂಚಪಾತ್ರೆಯನ್ನು ಕೆಲವು ತಿಂಗಳು ತೊಳೆಯದೆ ಇಟ್ಟರೆ ಕಪ್ಪಾಗುವುದೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಗಾಳಿಯಲ್ಲಿ ಬೆರೆತಿರುವ ಗಂಧಕದ ಅಂಶವೇ ಇದಕ್ಕೆ ಕಾರಣವು. ಹಾಗಾದರೆ, ಗಾಳಿ ಧೂಳುಗಳಿಲ್ಲವೆಂದು ನಾವೆಣಿಸುವ ಅಂತರಿಕ್ಷದಲ್ಲಿ ಕನ್ನಡಿಯು ಸದಾ ಥಳಥಳಿಸುತ್ತಿರಬೇಕಲ್ಲವೆ? ಈ ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ಭೂಮಿಯನ್ನು ಸುತ್ತುತ್ತಿರುವ ದೂರದರ್ಶಕದ ಕಣ್ಣು ಒಮ್ಮೆ ಮಸುಕಾದರೆ, ಅದನ್ನು ಒರಸಲು ಅಲ್ಲಿ ಯಾರೂ ಇರುವುದಿಲ್ಲ.

ಇದನ್ನು ಪರೀಕ್ಷಿಸುವುದಕ್ಕಾಗಿ ಅಮೆರಿಕಾದ ನಾಸಾ ಸಂಸ್ಥೆಯವರು 1984ನೆಯ ಏಪ್ರಿಲಿನಲ್ಲಿ ಬಸ್ಸಿನಷ್ಟು ದೊಡ್ಡದಾದ ಒಂದು ಉಪಗ್ರಹವನ್ನು ಆಕಾಶದಲ್ಲಿ ಬಿಟ್ಟರು. ಗಾಜು, ಕನ್ನಡಿ, ಲೇಪಗಳೇ ಮುಂತಾದುವನ್ನು ಕುರಿತ 57 ಪ್ರಯೋಗಗಳು ಅದರಲ್ಲಿದ್ದುವು. ಒಂದು ವರ್ಷದೊಳಗೆ ಮರಳಿ ತರಬೇಕೆಂದಿದ್ದ ಅದು, 1986ರ ಚಾಲೆಂಜರ್ ದುರಂತವೇ ಮೊದಲಾದ ಕಾರಣಗಳಿಂದ ತಡವಾಗಿ, 1990ನೆಯ ಜನವರಿಯಲ್ಲಿ ಕೈಸೇರಿತು.

ಕಂಡದ್ದೇನು? ಆ ಎತ್ತರದಲ್ಲಿಯೂ ವಾಯುವಿನ ಶೇಷವು ಅತಿ ವಿರಳವಾಗಿ ಉಂಟು. ಸೂರ್ಯನ ಅತಿನೇರಳೆ ಕಿರಣಗಳು ಅಲ್ಲಿನ ಆಮ್ಲಜನಕವನ್ನು ಒಂಟಿ ಪರಮಾಣುಗಳಾಗಿ ಒಡೆಯುವುವು. ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮೀರಿದ ವೇಗದಿಂದ ಉಪಗ್ರಹವು ಅವುಗಳನ್ನು ಹಾಯುವಾಗ ಮುಂಬದಿಗೆ ಬೀಳುವ ಪೆಟ್ಟು ಪ್ರಬಲವಾದುದು. ಆ ಬದಿಯ ಬೆಳ್ಳಿಯು ಕಪ್ಪಾಗಿದ್ದಿತು. ತೆಳುವಾದ ಪ್ಲಾಸ್ಟಿಕ್ ಹಾಳೆಗಳು ಸವೆದುಹೋಗಿದ್ದುವು. ಹಿಂಬದಿಯಲ್ಲಿ ಈ ಹಾನಿಯು ತೀರ ಕಡಿಮೆ.

ಎರಡನೆಯ ಶತ್ರುವು ಮನೆಯೊಳಗಿನದೇ. ಉಪಗ್ರಹದ ಬಣ್ಣ, ಅಂಟುಗಳಿಂದ ಹೊರಟ ಆವಿಯು ತಣ್ಣನೆಯ ಮೈಯಮೇಲೆ ಕುಳಿತು, ಬಿಸಿಲಿನ ಅತಿನೇರಳೆ ಕಿರಣಗಳಿಂದ ಗಟ್ಟಿಯಾಗಿ ಕಂದುಬಣ್ಣದ ಪೊರೆಯಾಗಿದ್ದಿತು. ಅಡುಗೆಮನೆಯ ಗೋಡೆಗೆ ಎಣ್ಣೆಯ ಜಿಡ್ಡು ಹತ್ತುವಂತೆಯೇ ಇದು. ಇನ್ನು ವಿಕಿರಣವು ಸಾಧಾರಣ ಗಾಜನ್ನು ಕಂದಾಗಿಸುವುದು. ಸೂಕ್ಷ್ಮ ಉಲ್ಕಾಕಣಗಳು ಅಲ್ಲಲ್ಲಿ ಗುಳಿ ತೋಡುವುವು.

ಪರಿಹಾರಗಳಿಲ್ಲದೆ ಇಲ್ಲ. ಗಾಜಿಗೆ ಸೀರಿಯಂ ಬೆರೆಸಿದರೆ ಅದು ಬಹುಮಟ್ಟಿಗೆ ಕಂದದು. ಸಿಲಿಕಾದ ತೆಳುಲೇಪವು ಆಮ್ಲಜನಕದ ಪೆಟ್ಟನ್ನು ತಡೆಯುವುದು. ಹೊರಡುವ ಮೊದಲೇ ಭಾಗಗಳನ್ನು ನಿರ್ವಾತದಲ್ಲಿ ಕಾಯಿಸಿ, ಆವಿಯಾಗತಕ್ಕುದನ್ನೆಲ್ಲ ಹೊರಡಿಸಿಬಿಡುವರು. 1990ರಲ್ಲಿ ಮೇಲೇರಿದ ಹಬಲ್ ದೂರದರ್ಶಕದ 2.4 ಮೀಟರಿನ ಕನ್ನಡಿಯ ಅಲ್ಯುಮಿನಿಯಂ ಹೊಳಪನ್ನು ಕಾಯುತ್ತಿರುವುದು ಮೆಗ್ನೀಸಿಯಂ ಫ್ಲೋರೈಡಿನ ಒಂದು ಪೊರೆ. ಅದರ ದಪ್ಪವು ಕೂದಲಿನ ದಪ್ಪದ ನೂರನೆಯ ಪಾಲಿಗಿಂತಲೂ ಕಡಿಮೆ. ದೂರದ ನಕ್ಷತ್ರಗಳ ಬೆಳಕು ಮಾಸದೆ ನಮಗೆ ತಲಪುವುದಕ್ಕೆ ಅಷ್ಟು ತೆಳುವಾದ ಹೊದಿಕೆಯೂ ಬೇಕು, ನೆಲದ ಮೇಲಣ ಅಷ್ಟೊಂದು ಶುಚಿತ್ವವೂ ಬೇಕು.